ರಜಃಪ್ರವರ್ತಿನೀ ವಟಿ
ನಿಂತುಹೋದ ಮುಟ್ಟನ್ನು ಮರಳಿ ತರಲೆಂದು ಆಯುರ್ವೇದದಲ್ಲಿ ಕೊಡುವ ಗುಳಿಗೆ. 'ಭೈಷಜ್ಯ ರತ್ನಾವಳಿ' ಎಂಬ ಆಯುರ್ವೇದ ಗ್ರಂಥದಲ್ಲಿ ಇದನ್ನು ತಯಾರಿಸುವ ವಿಧಾನವಿದೆ. ಲೋಳೆಸರದ ಒಣಸಾರ, ಇಂಗು, ಬಿಳಿಗಾರ, ಅನ್ನಭೇದಿ ಇವನ್ನು ಲೋಳೆಸರದ ರಸದಲ್ಲಿ ಅರೆದು ಗುಳಿಗೆ ಕಟ್ಟುತ್ತಾರೆ. ಕೊನೆಯ ಎರಡೂ ಖನಿಜಗಳಾದ್ದರಿಂದ ಇದನ್ನು ಬರಿಯ ಗಿಡಮೂಲಿಕೆ ಎನ್ನಲಾಗದು. ಲೋಳೆಸರದ ಒಣಸಾರ ಬಲವಾದ ಭೇದಿಕಾರಕ. ಗರ್ಭಿಣಿಯರಿಗೆ ಗುಳಿಗೆ ನಿಷಿದ್ಧ. ಇದೇ ಉದ್ದೇಶಕ್ಕೆ ಮನೆಮದ್ದಾಗಿ ಬೆಲ್ಲ ಬೆರೆಸಿದ ಎಳ್ಳಿನ ಕಷಾಯವೂ ಬಳಕೆಯಲ್ಲಿದೆ. ಇವುಗಳ ಪರಿಣಾಮಕ್ಕೆ ಗಟ್ಟಿಯಾದ ವೈದ್ಯಕೀಯ ಪುರಾವೆ ಕಡಿಮೆ. ಮುಟ್ಟು ನಿಲ್ಲಲು ಗರ್ಭಧಾರಣೆ, ಥೈರಾಯ್ಡ್ ದೋಷ, ಪಿಸಿಓಎಸ್ (ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನ್ ತೊಂದರೆ), ಪ್ರೊಲ್ಯಾಕ್ಟಿನ್ ಹಾರ್ಮೋನಿನ ಹೆಚ್ಚಳ, ತೂಕದ ತೀವ್ರ ಇಳಿಕೆ ಕಾರಣವಾಗಿರಬಹುದು. ಗುಳಿಗೆಗಿಂತ ಮೊದಲು ಬೇಕಾದದ್ದು ಗರ್ಭ ಪರೀಕ್ಷೆ. ನಿಯಮಿತವಾಗಿದ್ದ ಮುಟ್ಟು 3 ತಿಂಗಳು ಬಾರದಿದ್ದರೆ, ಅಥವಾ 15 ವರ್ಷವಾದರೂ ಹುಡುಗಿ ಋತುಮತಿಯಾಗದಿದ್ದರೆ ತಪಾಸಣೆ ಅಗತ್ಯ.