ಕೆಸರುಗದ್ದೆ ಕ್ರೀಡೋತ್ಸವ: ಆಡುವವರಿಗಿಂತ ಮೊದಲು ದುಡಿಯುವವರ ಪಟ್ಟಿ

ಆಟಿ ತಿಂಗಳು ಬಂತೆಂದರೆ ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಒಂದಲ್ಲ ಒಂದು ಕಡೆ ಕೆಸರುಗದ್ದೆ ಕ್ರೀಡೋತ್ಸವ. ಯುವಕ ಸಂಘ, ಭಜನಾ ಮಂದಿರ, ಶಾಲೆಯ ಹಳೆ ವಿದ್ಯಾರ್ಥಿ ಸಂಘ, ಕುಟುಂಬಶ್ರೀಯ ಅಯಲ್‌ಕೂಟ, ಹೀಗೆ ಎಲ್ಲರೂ ಇದನ್ನು ನಡೆಸುತ್ತಾರೆ. ಕುಟುಂಬಶ್ರೀಯವರ ‘ಮಳಪ್ಪೊಲಿಮ’ದಲ್ಲಂತೂ ಆಟದ ಜತೆಗೆ ಹಡಿಲು ಬಿದ್ದ ಗದ್ದೆಯನ್ನು ಮತ್ತೆ ಬೇಸಾಯಕ್ಕೆ ತರುವ ಉದ್ದೇಶವೂ ಇದೆ. ಗಡಿನಾಡಿನಲ್ಲಿ ಕನ್ನಡ, ತುಳು, ಮಲಯಾಳ, ಕೊಂಕಣಿ ಮಾತಾಡುವವರೆಲ್ಲ ಒಂದೇ ಕೆಸರಿನಲ್ಲಿ ಹೊರಳಾಡುವ ದಿನ ಬೇರೆ ಹೆಚ್ಚಿಲ್ಲ. ಆದ್ದರಿಂದ ಅದು ಸುಸೂತ್ರವಾಗಿ ನಡೆಯಬೇಕು. ಈ ವರ್ಷ ಕಾರ್ಯಕ್ರಮ ಹಮ್ಮಿಕೊಳ್ಳುವ ಸಂಘಟನೆಗಳ ಉಪಯೋಗಕ್ಕಾಗಿ ಈ ಲೇಖನ.

ಹೆಚ್ಚಿನ ಕಡೆ ಆಮಂತ್ರಣ ಪತ್ರಿಕೆ, ಅತಿಥಿಗಳು, ಬಹುಮಾನ ಮೊದಲು ನಿಗದಿಯಾಗುತ್ತವೆ. ಯಾರು ಯಾವ ಕೆಲಸಕ್ಕೆ ಎಂಬುದು ಹಿಂದಿನ ರಾತ್ರಿಯ ಮಾತು. ಅಧ್ಯಕ್ಷರು ವೇದಿಕೆಯಲ್ಲೂ ಇರಬೇಕು, ಹಗ್ಗಕ್ಕೂ ಕೈ ಹಾಕಬೇಕು. ಕಾರ್ಯದರ್ಶಿಗೆ ಮೈಕೂ ಅವರದ್ದೇ, ಅಡುಗೆ ಶಾಲೆಯ ಬೀಗದ ಕೈಯೂ ಅವರದ್ದೇ. ಇದನ್ನು ತಿರುವು ಮುರುವು ಮಾಡಬೇಕು. ನೂರೈವತ್ತು ಮಂದಿ ಆಡುವ ಕಾರ್ಯಕ್ರಮಕ್ಕೆ ಆಡದೆ ದುಡಿಯುವವರು ಇಪ್ಪತ್ತೈದು ಮಂದಿಯಾದರೂ ಬೇಕು. ಅಷ್ಟು ಹೆಸರು ಪುಸ್ತಕದಲ್ಲಿ ಬರೆದಾಗುವ ತನಕ ಆಮಂತ್ರಣ ಪತ್ರಿಕೆ ಮುದ್ರಣಕ್ಕೆ ಕೊಡದಿರುವುದು ಒಳ್ಳೆಯದು.

ಮೊದಲ ಹೆಸರು ಗದ್ದೆಯ ಹೊಣೆಗಾರರದ್ದು. ಅವರು ಆಡಬಾರದು, ವೇದಿಕೆ ಹತ್ತಬಾರದು, ಊಟಕ್ಕೂ ಕೊನೆಗೆ ಹೋಗಬೇಕು. ಗುಡುಗು ಕೇಳಿದರೆ, ಯಾರಿಗಾದರೂ ಪೆಟ್ಟಾದರೆ, ಯಾರನ್ನೂ ಕೇಳದೆ ಆಟ ನಿಲ್ಲಿಸುವ ಅಧಿಕಾರ ಅವರಿಗಿರಬೇಕು. ಅದನ್ನು ಸಮಿತಿ ಸಭೆಯಲ್ಲೇ ಹೇಳಿ ನಿರ್ಣಯ ಬರೆದುಕೊಳ್ಳಿ. ಇಲ್ಲವಾದರೆ ಫೈನಲ್ ನಡೆಯುತ್ತಿರುವಾಗ ಅವರ ಮಾತು ಕೇಳುವವರಿಲ್ಲ. ಊರಿನಲ್ಲೊಬ್ಬರು ನಿವೃತ್ತ ದೈಹಿಕ ಶಿಕ್ಷಕರಿದ್ದರೆ ಈ ಸ್ಥಾನ ಅವರಿಗೇ ಸಲ್ಲಬೇಕು.

ಗದ್ದೆಯ ಕೆಲಸ ಟಿಲ್ಲರ್ ಇಳಿಯುವ ಮೊದಲೇ ಆರಂಭವಾಗುತ್ತದೆ. ರಸ್ತೆ ಬದಿಯ ಗದ್ದೆಗಳಲ್ಲಿ ಬಾಟಲಿ ಚೂರು ಇಲ್ಲದಿರುವುದೇ ಅಪರೂಪ. ಉತ್ತ ಮೇಲೆ ಅವೆಲ್ಲ ಅಡಿಗೆ ಹೋಗಿ ಸಿಗುವುದಿಲ್ಲ. ಹಾಗಾಗಿ ಎಂಟು ಹತ್ತು ಜನ ಗಂಬೂಟು ಹಾಕಿ, ಸಾಲಾಗಿ ನಿಂತು, ಒಂದು ಹುಣಿಯಿಂದ ಇನ್ನೊಂದು ಹುಣಿಯ ತನಕ ಹೆಕ್ಕಿಕೊಂಡು ಹೋಗಬೇಕು. ಮೇಲೆ ವಿದ್ಯುತ್ ತಂತಿ ಹಾದುಹೋಗುವ ಗದ್ದೆ ಬೇಡವೇ ಬೇಡ. ಕೆಸರು ಮೊಣಕಾಲಿನಿಂದ ಕೆಳಗೇ ಇರಲಿ. ಮಕ್ಕಳಿಗೆ ಪಾದ ಮುಳುಗುವಷ್ಟೇ ಕೆಸರಿರುವ ಬೇರೆ ಗದ್ದೆ, ಹತ್ತು ಮಕ್ಕಳಿಗೊಬ್ಬರು ದೊಡ್ಡವರು.

ತೀರ್ಪುಗಾರರ ವಿಷಯದಲ್ಲಿ ‘ಮನರಂಜನೆಯ ಆಟವಲ್ಲವೇ’ ಎಂಬ ಉದಾಸೀನ ಬೇಡ. ಜಗಳವಾಗುವುದು ಇಂಥ ಆಟಗಳಲ್ಲೇ. ವಾಲಿಬಾಲ್ ಅಂಕಣ 18 ಮೀ. ಉದ್ದ, 9 ಮೀ. ಅಗಲ, ಬಲೆಯ ಎತ್ತರ ಪುರುಷರಿಗೆ 2.43 ಮೀ., ಮಹಿಳೆಯರಿಗೆ 2.24 ಮೀ. ಇದು ಎಲ್ಲರಿಗೂ ಗೊತ್ತು. ಆದರೆ ಕೆಸರಿನಲ್ಲಿ ಗೆರೆ ನಿಲ್ಲುವುದಿಲ್ಲ. ಹಗ್ಗ ಹಾಸಿದರೆ ಕಾಲಿಗೆ ತೊಡರುತ್ತದೆ. ನಾಲ್ಕು ಮೂಲೆಗಳ ಹೊರಗೆ ಬಾವುಟ ಕಟ್ಟಿದ ಕೋಲು ನೆಟ್ಟು, ಕರ್ಣದ ಎರಡು ಮೂಲೆಗಳಲ್ಲಿ ಒಬ್ಬೊಬ್ಬ ಗೆರೆ ತೀರ್ಪುಗಾರರನ್ನು ನಿಲ್ಲಿಸಬೇಕು. ಒಣ ಮೈದಾನದಲ್ಲಿ ಒಬ್ಬರೇ ಸುಧಾರಿಸಬಹುದಾದ ಆಟಕ್ಕೆ ಇಲ್ಲಿ ಮೂವರು ಬೇಕಾಗುವುದು ಇದರಿಂದಲೇ. ತೀರ್ಪುಗಾರರು ಪಕ್ಕದ ಪಂಚಾಯತಿನವರಾದರೆ ಅಣ್ಣ, ಭಾವ ಎಂಬ ಮಾತು ಬರುವುದಿಲ್ಲ. ಅವರ ಗೌರವಧನವನ್ನು ಬಹುಮಾನದ ಲೆಕ್ಕಕ್ಕಿಂತ ಮೊದಲು ತೆಗೆದಿಡಿ. ಕಬಡ್ಡಿಯನ್ನು ಮಾತ್ರ ಒಣ ಅಂಕಣಕ್ಕೇ ಬಿಡುವುದು ವಾಸಿ. ಕೆಸರಿನಲ್ಲಿ ಕಾಲು ಹೂತಿರುವಾಗ ಮೈಮೇಲೆ ನಾಲ್ವರು ಬಿದ್ದರೆ ಮೊಣಗಂಟು ಉಳಿಯುವುದಿಲ್ಲ.

ಹಗ್ಗಜಗ್ಗಾಟಕ್ಕೆ ಇಬ್ಬರು ತೀರ್ಪುಗಾರರು, ಎರಡೂ ತಂಡಗಳ ಬಳಿ ಒಬ್ಬೊಬ್ಬ ಸಹಾಯಕರು. ಅಂತಾರಾಷ್ಟ್ರೀಯ ನಿಯಮದಂತೆ ತಂಡಕ್ಕೆ 8 ಮಂದಿ, ಹಗ್ಗದ ಸುತ್ತಳತೆ 10ರಿಂದ 12.5 ಸೆಂ.ಮೀ., ಗೆಲ್ಲಲು 4 ಮೀ. ಎಳೆಯಬೇಕು. ಕೇರಳದ ವಡಂವಲಿ ಪಂದ್ಯಗಳಲ್ಲಿ ತಂಡದ ಒಟ್ಟು ತೂಕ ನೋಡಿ ವಿಭಾಗ ಮಾಡುವ ಕ್ರಮವಿದೆ. ನಮ್ಮಲ್ಲೂ ಅದನ್ನೇ ಅನುಸರಿಸಿದರೆ ಹದಿನಾರರ ಹುಡುಗರು ದೊಡ್ಡವರೆದುರು ನಿಲ್ಲಬೇಕಾಗಿ ಬರುವುದಿಲ್ಲ. ಬಾವಿಯ ಹಗ್ಗ, ನೈಲಾನ್ ಹಗ್ಗ ತರಬೇಡಿ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಲು, ಸೊಂಟಕ್ಕೆ ಗಂಟು ಹಾಕಿಕೊಳ್ಳಲು ಯಾರನ್ನೂ ಬಿಡಬಾರದು. ಪ್ರೇಕ್ಷಕರು ಓಡಿ ಬಂದು ಬಾಲಕ್ಕೆ ಕೈ ಹಾಕಿದರೆ ಕೂಡಲೇ ಸೀಟಿ ಊದಬೇಕು. 1997ರಲ್ಲಿ ತೈವಾನಿನ ತೈಪೆಯಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ಎಳೆಯುತ್ತಿದ್ದ ಹಗ್ಗ ತುಂಡಾಗಿ ಇಬ್ಬರ ತೋಳುಗಳೇ ಕಿತ್ತುಹೋಗಿದ್ದವು.

ಇನ್ನು ಇಲಿಜ್ವರ, ಮಲಯಾಳದಲ್ಲಿ ಎಲಿಪ್ಪನಿ. ಸಂಘಟಕರು ಹೆಚ್ಚಾಗಿ ಮರೆಯುವುದು ಇದನ್ನೇ, ಜೀವಕ್ಕೆ ಎರವಾಗಬಹುದಾದದ್ದೂ ಇದೇ. ಇಲಿ, ದನಕರುಗಳ ಮೂತ್ರ ಸೇರಿದ ನೀರಿನಿಂದ ರೋಗಾಣು ಕಾಲಿನ ಸಣ್ಣ ಗಾಯ, ಕಣ್ಣು, ಬಾಯಿಯ ಮೂಲಕ ಒಳಸೇರುತ್ತದೆ. ಮಳೆಗಾಲದಲ್ಲಿ ಕೆಸರು ನೀರಿಗಿಳಿಯುವವರಿಗೆ ಕೇರಳದ ಆರೋಗ್ಯ ಇಲಾಖೆ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಉಚಿತವಾಗಿ ಕೊಡುತ್ತದೆ. ವಯಸ್ಕರಿಗೆ ವಾರಕ್ಕೊಮ್ಮೆ 200 ಮಿ.ಗ್ರಾಂ., ಆಹಾರ ಸೇವಿಸಿದ ಮೇಲೆ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಸಣ್ಣ ಮಕ್ಕಳ ವಿಷಯ ಬೇರೆ. ಅದನ್ನು ವೈದ್ಯರೇ ಹೇಳಬೇಕು. ಆದ್ದರಿಂದ ಸಂಘದವರು ತಾವೇ ಮಾತ್ರೆ ಹಂಚಲು ಹೋಗದೆ, ಒಂದೆರಡು ವಾರ ಮೊದಲೇ ಕುಟುಂಬ ಆರೋಗ್ಯ ಕೇಂದ್ರಕ್ಕೆ ಪತ್ರ ಕೊಟ್ಟು ಆರೋಗ್ಯ ಕಾರ್ಯಕರ್ತರನ್ನು ಕರೆಸಿಕೊಳ್ಳಬೇಕು. ಕಾಲಿನಲ್ಲಿ ಗಾಯವಿರುವವರನ್ನು, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕಡಿಮೆಯಾದವರನ್ನು ಗದ್ದೆಗೆ ಇಳಿಸಬಾರದು. ಮಾವನವರು ಎಷ್ಟೇ ಹಟ ಹಿಡಿದರೂ ಹುಣಿಯ ಮೇಲಿನ ಕುರ್ಚಿಯೇ ಗತಿ! ಆಟ ಮುಗಿದ ಮೇಲೆ ಮೈ ತೊಳೆಯಲು ಕೆರೆ, ಮದಕಕ್ಕೆ ಕಳುಹಿಸಬೇಡಿ. ನಿಂತ ನೀರಿನಿಂದ ಮೂಗಿನ ಮೂಲಕ ತಗಲುವ ಅಮೀಬಾ ಮಿದುಳುಜ್ವರ ಈಚಿನ ವರ್ಷಗಳಲ್ಲಿ ಕೇರಳದಲ್ಲಿ ಕಾಣಿಸಿಕೊಂಡಿದೆ. ಹೊಸ ಬಾವಿನೀರಿಗೆ ಪಂಪು, ಪೈಪು, ಅದನ್ನು ನೋಡಿಕೊಳ್ಳಲು ಇಬ್ಬರು.

ಮಹಿಳೆಯರು ಬಟ್ಟೆ ಬದಲಾಯಿಸಲು ಹತ್ತಿರದ ಮನೆಯನ್ನೋ ಶಾಲೆಯ ಕೋಣೆಯನ್ನೋ ಮೊದಲೇ ಗೊತ್ತುಮಾಡಿ, ಬಾಗಿಲಲ್ಲಿ ಮಹಿಳಾ ಸ್ವಯಂಸೇವಕಿಯೊಬ್ಬರು ಇರಲಿ. ಟಾರ್ಪಾಲು ಕಟ್ಟಿ ಕೈತೊಳೆದುಕೊಂಡರೆ ಮುಂದಿನ ವರ್ಷ ತ್ರೋಬಾಲ್‌ಗೆ ತಂಡಗಳು ಸಿಗವು. ಒದ್ದೆ ಬಟ್ಟೆಯಲ್ಲಿರುವವರ ಫೋಟೋ, ವೀಡಿಯೋ ತೆಗೆಯುವವರು ಯಾರು ಎಂಬುದನ್ನೂ ಸಮಿತಿಯೇ ನಿಶ್ಚಯಿಸಲಿ. ಸಭಾ ಕಾರ್ಯಕ್ರಮ ಅರ್ಧ ಗಂಟೆಯಲ್ಲಿ ಮುಗಿಯಲಿ, ಅದೂ ಆಟ ಆರಂಭವಾಗುವ ಮೊದಲು. ಮಕ್ಕಳು ನಡುಗುತ್ತ ಭಾಷಣ ಕೇಳುವಂತಾಗಬಾರದು.

ಹವಾಮಾನ ಇಲಾಖೆ ಕೆಂಪು ಅಥವಾ ಕಿತ್ತಳೆ ಎಚ್ಚರಿಕೆ ಕೊಟ್ಟರೆ ಮುಂದೂಡಲು ಇನ್ನೊಂದು ಭಾನುವಾರವನ್ನು ಮೊದಲೇ ಕಾದಿರಿಸಿ. ಮೈಕಿನ ಅನುಮತಿ, ಗದ್ದೆ ಮಾಲಕರ ಒಪ್ಪಿಗೆ ಬರಹದಲ್ಲಿರಲಿ. 108ರ ಆಂಬ್ಯುಲೆನ್ಸ್ ಬಂದು ತಿರುಗುವಷ್ಟು ದಾರಿಯಲ್ಲಿ ಜಾಗ ಬಿಡಿಸಲು ಒಬ್ಬರು ಬೇಕು. ಪಾರ್ಕಿಂಗಿನವರಿಗೇ ಈ ಕೆಲಸ ವಹಿಸಬಹುದು. ಉದ್ಘೋಷಕರು ಕನ್ನಡ, ತುಳುವಿನಲ್ಲಿ ರಂಜಿಸಲಿ. ಆದರೆ ಎಚ್ಚರಿಕೆಯ ಮಾತುಗಳನ್ನು ಮಲಯಾಳದಲ್ಲೂ ಹೇಳಲೇಬೇಕು.

ಬಹುಮಾನ ವಿತರಣೆಯಾದ ಮೇಲೂ ಇಬ್ಬರ ಕೆಲಸ ಮುಗಿಯುವುದಿಲ್ಲ. ಒಬ್ಬರು ಹುಣಿ ಕಟ್ಟಿ, ಕೋಲು ಕಿತ್ತು, ಗದ್ದೆಯನ್ನು ನೇಜಿ ನೆಡಲು ಆಗುವಂತೆ ಮಾಲಕರಿಗೆ ಒಪ್ಪಿಸಬೇಕು. ಇನ್ನೊಬ್ಬರು ನೋಂದಣಿ ಪುಸ್ತಕದವರು. ಇಲಿಜ್ವರ ಸಾಮಾನ್ಯವಾಗಿ ಐದರಿಂದ ಹದಿನಾಲ್ಕು ದಿನಗಳಲ್ಲಿ ಕಾಣಿಸಿಕೊಳ್ಳುತ್ತದೆ, ಕೆಲವೊಮ್ಮೆ ತಿಂಗಳಾಗುವುದೂ ಉಂಟು. ಜ್ವರ, ತಲೆನೋವು, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಲಕ್ಷಣ. ಪುಸ್ತಕದಲ್ಲಿರುವ ಎಲ್ಲರಿಗೂ ಐದನೇ ದಿನ ಒಮ್ಮೆ, ಹತ್ತನೇ ದಿನ ಇನ್ನೊಮ್ಮೆ ಸಂದೇಶ ಹೋಗಬೇಕು: ಜ್ವರವಿದ್ದರೆ ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಹೋಗಿ, ಕೆಸರುಗದ್ದೆಯಲ್ಲಿ ಆಡಿದ್ದನ್ನು ವೈದ್ಯರಿಗೆ ತಿಳಿಸಿ. ಕನ್ನಡ ಮಾತ್ರ ಬಲ್ಲ ಹಿರಿಯರಿಗೆ ಮಲಯಾಳ ಮಾತಾಡುವ ವೈದ್ಯರೆದುರು ಇದನ್ನು ವಿವರಿಸುವುದು ಕಷ್ಟ. ಆಡಿದ ದಿನಾಂಕ, ಸ್ಥಳವನ್ನು ಎರಡೂ ಭಾಷೆಗಳಲ್ಲಿ ಅಚ್ಚು ಹಾಕಿಸಿದ ಸಣ್ಣ ಚೀಟಿಯನ್ನು ಊಟದ ಟೋಕನಿನ ಜತೆಗೇ ಕೊಟ್ಟುಬಿಡಬಹುದು. ತಿಂಗಳು ಕಳೆದ ಮೇಲೆ ದೂರವಾಣಿ ಸಂಖ್ಯೆಗಳಿರುವ ಹಾಳೆಯನ್ನು ಹರಿದುಹಾಕಿ, ಕೆಲಸ ಹಂಚಿಕೊಂಡವರ ಪಟ್ಟಿಯನ್ನು ಮಾತ್ರ ಮುಂದಿನ ಸಮಿತಿಗೆ ಕೊಡಿ.