ಶರೀರದ ಸ್ಮರಣೆ

ಉತ್ತರ ಅಟ್ಲಾಂಟಿಕ್ ಸಾಗರದ ನಡುವಣ ಫೇರೋ ದ್ವೀಪಗಳಲ್ಲಿ 1781ನೆಯ ಇಸವಿಯಲ್ಲಿ ದಡಾರವು ಹರಡಿದ್ದಿತು. ಆ ಬಳಿಕ 65 ವರ್ಷಗಳವರೆಗೆ ಆ ವ್ಯಾಧಿಯು ಅತ್ತ ಸುಳಿಯಲಿಲ್ಲ. 1846ರಲ್ಲಿ ಅದು ಮರಳಿ ಕಾಲಿಟ್ಟಾಗ 7,800ರಷ್ಟಿದ್ದ ದ್ವೀಪವಾಸಿಗಳಲ್ಲಿ ಸುಮಾರು 6,000 ಮಂದಿ ಹಾಸಿಗೆ ಹಿಡಿದರು. ಡೆನ್ಮಾರ್ಕಿನ ಸರಕಾರವು ಕಳುಹಿಸಿದ ಪಾನುಮ್ ಎಂಬ ತರುಣ ವೈದ್ಯನು ಊರೂರು ತಿರುಗಿ ವಿಚಾರಿಸಿ ಒಂದು ಸಂಗತಿಯನ್ನು ಬರೆದಿಟ್ಟನು. 1781ರಲ್ಲಿ ದಡಾರವನ್ನು ಅನುಭವಿಸಿದ್ದ 98 ಮಂದಿ ವೃದ್ಧರಲ್ಲಿ ಒಬ್ಬರಿಗಾದರೂ ಅದು ಎರಡನೆಯ ಬಾರಿ ತಗುಲಲಿಲ್ಲ. ಅಂದು ಅನುಭವಿಸದೆ ಉಳಿದಿದ್ದ ವೃದ್ಧರನ್ನಾದರೋ ಅದು ಬಿಡಲಿಲ್ಲ. ಆದುದರಿಂದ ರಕ್ಷಿಸಿದುದು ವಯಸ್ಸಲ್ಲ, ಶರೀರದ ಸ್ಮರಣೆ.

ಈ ಸ್ಮರಣೆಯು ಹೇಗೆ ಹುಟ್ಟುವುದೆಂಬುದನ್ನು ಅರಿಯಲು ಮತ್ತೆ ನೂರಕ್ಕೂ ಹೆಚ್ಚು ವರ್ಷಗಳು ಬೇಕಾದುವು. 1968ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ ಮಿಲ್ಲರ್ ಮತ್ತು ಮಿಚೆಲ್ ಎಂಬ ವಿದ್ವಾಂಸರು ಇಲಿಗಳ ಮೇಲೆ ಪ್ರಯೋಗ ನಡೆಯಿಸಿ, ರಕ್ತದ ಬಿಳಿಯ ಕಣಗಳಲ್ಲಿ ಎರಡು ಕುಲಗಳು ಕೂಡಿ ದುಡಿಯುವುವೆಂದು ತೋರಿಸಿದರು. ರೋಗಾಣುವನ್ನು ಹಿಡಿಯುವ ಪ್ರತಿಕಾಯಗಳನ್ನು ನಿರ್ಮಿಸುವುದು ‘ಬಿ’ ಕಣ. ಅದಕ್ಕೆ ಪ್ರೇರಣೆ ಕೊಡುವುದು ‘ಟಿ’ ಕಣ.

ಕಾಲಿಗೆ ಗಾಯವಾದರೆ ತೊಡೆಯ ಸಂದಿನಲ್ಲಿ ಗಡ್ಡೆ ಕಟ್ಟುವುದನ್ನು ವಾಚಕರು ಕಂಡೇ ಇರುವರು. ಈ ಕಣಗಳ ಸಂಭಾಷಣೆಯು ನಡೆಯುವುದು ಅಂತಹ ಗ್ರಂಥಿಗಳಲ್ಲಿಯೇ. ಅಲ್ಲಿ ಅವು ಒಂದನ್ನೊಂದು ಮುಟ್ಟಿ ನಿಂತು ಸಂಜ್ಞೆಗಳನ್ನು ಕೊಟ್ಟುಕೊಳ್ಳುವುವು. ‘ಬಿ’ ಕಣವು ತಾನು ಹಿಡಿದ ರೋಗಾಣುವಿನ ತುಣುಕನ್ನು ತೋರಿಸಬೇಕು. ‘ಟಿ’ ಕಣವು ಗುರುತಿಸಿ ಒಪ್ಪಿದರೆ ಅದು ವೃದ್ಧಿಯಾಗುವುದು, ಇಲ್ಲವಾದರೆ ನಶಿಸುವುದು. ಹೀಗೆ ಮತ್ತೆ ಮತ್ತೆ ಪರೀಕ್ಷೆಗೊಂಡು ಉತ್ತೀರ್ಣವಾದವುಗಳಲ್ಲಿ ಕೆಲವು ಎಲುಬಿನ ಮಜ್ಜೆಯಲ್ಲಿ ನೆಲಸಿ ಪ್ರತಿಕಾಯಗಳನ್ನು ಒದಗಿಸುತ್ತಿರುವುವು. ಕೆಲವು ಸ್ಮೃತಿಕಣಗಳಾಗಿ ದಶಕಗಳ ಕಾಲ ಕಾದಿರುವುವು. ಗುರುಮುಖದಿಂದ ಕೇಳಿದ ಪಾಠವು ಸಹಪಾಠಿಯ ಎದುರು ಕುಳಿತು ಒಪ್ಪಿಸಿದ ಮೇಲೆಯೇ ನೆಲೆಗೊಳ್ಳುತ್ತಿದ್ದುದು ನಮ್ಮ ಪಾಠಶಾಲೆಯ ಅನುಭವ.

ಮಕ್ಕಳಿಗೆ ದಡಾರವು ಒಮ್ಮೆ ಬಂದುಹೋಗುವುದೇ ಲೇಸೆನ್ನುವವರುಂಟು. ಆ 98 ವೃದ್ಧರ ವೃತ್ತಾಂತವು ಅವರ ಪಕ್ಷಕ್ಕೆ ಸಾಕ್ಷಿಯೆಂಬಂತೆ ತೋರಬಹುದು. ಆದರೆ ನೆದರ್ಲೆಂಡಿನಲ್ಲಿ ಲಸಿಕೆಯಿಲ್ಲದೆ ದಡಾರಕ್ಕೆ ತುತ್ತಾದ 77 ಮಕ್ಕಳ ರಕ್ತವನ್ನು ಬೇನೆಗೆ ಮೊದಲೂ ಅನಂತರವೂ ಪರೀಕ್ಷಿಸಿದ ಫಲವು 2019ರಲ್ಲಿ ಪ್ರಕಟವಾಯಿತು. ಅನ್ಯರೋಗಗಳ ವಿರುದ್ಧ ಅವರು ಗಳಿಸಿದ್ದ ಪ್ರತಿಕಾಯಗಳ ಬಗೆಗಳಲ್ಲಿ ಶೇಕಡಾ 11ರಿಂದ 73ರವರೆಗೆ ಅಳಿಸಿಹೋಗಿದ್ದುವು. ದಡಾರದ ರೋಗಾಣುವು ಸ್ಮೃತಿಕಣಗಳನ್ನೇ ಹೊಕ್ಕು ಕೊಲ್ಲುವುದು. ತನ್ನದೊಂದು ಪಾಠವನ್ನು ಕಲಿಸಿ ಹಿಂದಿನ ಪಾಠಗಳನ್ನೆಲ್ಲ ಅಳಿಸುವ ಉಪಾಧ್ಯಾಯನನ್ನು ಯಾವ ಗೃಹಸ್ಥನು ಮನೆಗೆ ಕರೆದಾನು? ಲಸಿಕೆಯಾದರೋ ಆ ಪಾಠವನ್ನು ಕಲಿಸುವುದು, ಕಲಿತುದನ್ನು ಕೆಡಿಸದು.