ಅಳತೆ, ಟಿಕೆಟ್, ತಲೆಯೆಣಿಕೆ: ಕಾಗಲದ ಉದ್ಯಾನವನ್ನು ಯಾವ ಲೆಕ್ಕದಲ್ಲಿ ಕೇಳಬೇಕು?

ಊರಿನ ಉದ್ಯಾನಕ್ಕೆ ದುಡ್ಡು ಯಾವ ಲೆಕ್ಕದ ಮೇಲೆ ಬರುತ್ತದೆ ಅನ್ನೋದು ನನ್ನ ವಿಷಯ. ಕನ್ನಡ ಎಂ.ಎ. ಓದುವವರಿಗೆ ಇದರಲ್ಲೇನು ಕೆಲಸ ಅಂತ ಕೆಲವರಿಗೆ ಅನಿಸಬಹುದು. ಆದರೆ ಈ ಪ್ರಶ್ನೆಗೆ ನಮ್ಮ ಭಾಗದ ಹಳೆಯ ಉತ್ತರವೊಂದು ಶಾಸನದಲ್ಲೇ ಇದೆ. ಅಲ್ಲಿಂದಲೇ ಶುರು ಮಾಡ್ತೀನಿ.

ಕಾಗಲದ ನೈಋತ್ಯಕ್ಕೆ, ಹತ್ತಿರದಲ್ಲೇ, ಬಾಮಣಿ ಅನ್ನೋ ಹಳ್ಳಿ. ಅಲ್ಲಿಯ ಜೈನ ಬಸದಿಯ ಶಾಸನ ಶಿಲಾಹಾರ ವಿಜಯಾದಿತ್ಯನದು. ಶಕ 1073, ಅಂದ್ರೆ ಕ್ರಿ.ಶ. 1150. ಭಾಷೆ ಸಂಸ್ಕೃತ, ಲಿಪಿ ಹಳಗನ್ನಡ. ಪಾರ್ಶ್ವನಾಥನ ಪೂಜೆಗೆ, ಬಸದಿಯ ದುರಸ್ತಿಗೆ, ಅಲ್ಲಿದ್ದ ಮುನಿಗಳ ಆಹಾರಕ್ಕೆ ಅರಸ ದತ್ತಿ ಕೊಟ್ಟಿದ್ದಾನೆ: ಕುಂಡಿ ಕೋಲಿನಿಂದ ಅಳೆದ ಕಾಲು ನಿವರ್ತನ ಹೊಲ, 30 ಸ್ತಂಭ ಅಳತೆಯ ಹೂದೋಟ, 12 ಮೊಳದ ಮನೆ. ಗಮನಿಸಿ, ಹೊಲ, ತೋಟ, ಮನೆ ಎಲ್ಲಕ್ಕೂ ಅಳತೆ ಇದೆ. ಯಾವ ಉದ್ದೇಶಕ್ಕೆ ಅನ್ನೋದೂ ಇದೆ. ಬಸದಿಗೆ ಎಷ್ಟು ಜನ ಬಂದು ಹೋಗ್ತಿದ್ರು ಅನ್ನೋದು ಮಾತ್ರ ಇಲ್ಲ, ಬೇಕಾಗಿಯೂ ಇರಲಿಲ್ಲ. ಆಗ ನೆಲವನ್ನು ಅಳೆದರೆ ಸಾಕಿತ್ತು, ದಾನ ನಿಲ್ಲುತ್ತಿತ್ತು.

ಇವತ್ತು ಕೊಡುವವನು ಅರಸನಲ್ಲ, ಸರ್ಕಾರ. ಅದು ಕೇಳೋದು ‘ಎಷ್ಟು ಜನಕ್ಕೆ ಉಪಯೋಗ?’ ಅಂತ. ಈ ಪ್ರಶ್ನೆ ಹುಟ್ಟಿದ್ದು ಹತ್ತೊಂಬತ್ತನೇ ಶತಮಾನದ ನಗರೋದ್ಯಾನಗಳ ಜೊತೆಗೆ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ಆಯುಕ್ತರು 1860ರ ದಶಕದಲ್ಲೇ ವಾರ್ಷಿಕ ವರದಿಗಳಲ್ಲಿ ಪಟ್ಟಿ ಅಚ್ಚು ಹಾಕುತ್ತಿದ್ದರು: ನಡೆದು ಬಂದವರು ಇಷ್ಟು, ಕುದುರೆ ಸವಾರರು ಇಷ್ಟು, ಗಾಡಿಗಳು ಇಷ್ಟು. ಸಾರ್ವಜನಿಕ ಹಣ ಸುರಿದ ಜಾಗಕ್ಕೆ ಸಾರ್ವಜನಿಕರು ಬರ್ತಾರೆ ಅನ್ನೋದಕ್ಕೆ ಅದೇ ಸಾಕ್ಷಿ. 2011ರ ವರದಿಯಲ್ಲಿ ಅಲ್ಲಿಯ ಲೆಕ್ಕ ವರ್ಷಕ್ಕೆ 3.7ರಿಂದ 3.8 ಕೋಟಿ ಭೇಟಿ; ಆದರೆ ಬಂದ ವ್ಯಕ್ತಿಗಳು 80ರಿಂದ 90 ಲಕ್ಷ. ಅಂದ್ರೆ ಬಂದವರೇ ಮತ್ತೆ ಮತ್ತೆ ಬಂದಿದ್ದಾರೆ. ಉದ್ಯಾನದ ನಿಜವಾದ ಬೆಲೆ ಇರೋದು ಈ ‘ಮತ್ತೆ ಮತ್ತೆ’ಯಲ್ಲಿ.

ಕರ್ನಾಟಕಕ್ಕೆ ಬರೋಣ. ಬೆಂಗಳೂರಿನ ಲಾಲ್‌ಬಾಗ್ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನ ಆಯ್ತು. 1889ರಲ್ಲಿ ಅಡಿಗಲ್ಲು ಬಿದ್ದ ಗಾಜಿನ ಮನೆ ಫಲಪುಷ್ಪ ಪ್ರದರ್ಶನದ ಮನೆಯೇ ಆಗಿಬಿಟ್ಟಿತು. ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವದ ಪ್ರದರ್ಶನ ಮುಗಿದಾಗಲೆಲ್ಲ ಎಷ್ಟು ಲಕ್ಷ ಜನ ಬಂದ್ರು, ಎಷ್ಟು ಹಣ ಕೂಡಿತು ಅಂತ ಪತ್ರಿಕೆಗಳಲ್ಲಿ ಓದ್ತೀವಿ. ಈ ಅಂಕಿ ಬರೋದು ಟಿಕೆಟ್ಟಿನಿಂದ. ಅದೇ ಲಾಲ್‌ಬಾಗಿನಲ್ಲಿ ದಿನಾ ನಸುಕಿನಲ್ಲಿ ನಡೆಯಲು ಬರುವವರಿಗೆ ಟಿಕೆಟ್ ಇಲ್ಲ. ವರ್ಷಕ್ಕೆ ಮುನ್ನೂರು ದಿನ ಬರುವ ಅಜ್ಜಿ ಆ ಲೆಕ್ಕದಲ್ಲಿ ಸೊನ್ನೆ, ವರ್ಷಕ್ಕೊಮ್ಮೆ ಹೂ ನೋಡಲು ಬಂದ ನಾನು ಒಂದು!

1870ರ ಕಬ್ಬನ್ ಪಾರ್ಕಿಗೆ ಟಿಕೆಟ್ಟೇ ಇಲ್ಲ. 1998ರಲ್ಲಿ ಅದರ ಒಂದು ಭಾಗವನ್ನು ಉದ್ಯಾನದ ವ್ಯಾಪ್ತಿಯಿಂದ ಕೈಬಿಡಲು ಸರ್ಕಾರ ಹೊರಟಾಗ ಜನ ತಾವೇ ಬಂದು ಪ್ರತಿಭಟಿಸಬೇಕಾಯ್ತು. ಪುಸ್ತಕದಲ್ಲಿ ಲೆಕ್ಕ ಇಲ್ಲದ ಜನ ಮೈಯಲ್ಲೇ ಬಂದು ನಿಂತು ಲೆಕ್ಕ ಕೊಟ್ಟರು ಅಂತ ನಾನು ಅದನ್ನ ಓದ್ತೀನಿ.

ಈಗ ನಮ್ಮ ಕಡೆ. 2015ರಲ್ಲಿ ಕೇಂದ್ರ ಸರ್ಕಾರದ ಅಮೃತ್ ಯೋಜನೆ ಬಂತು. ನೀರು, ಒಳಚರಂಡಿಗಳ ಜೊತೆ ಹಸಿರು ತಾಣ, ಉದ್ಯಾನಗಳಿಗೂ ಅದರಲ್ಲಿ ಪಾಲಿತ್ತು. 500 ಊರುಗಳ ಆಯ್ಕೆಗೆ ಮುಖ್ಯ ಅಳತೆ 2011ರ ಜನಗಣತಿಯ ಒಂದು ಲಕ್ಷ. ಕೊಲ್ಲಾಪುರ ಸೇರಿತು, ಇಚಲಕರಂಜಿ ಸೇರಿತು. ಕಾಗಲ, ಗಡಹಿಂಗ್ಲಜ ಲಕ್ಷದ ಹತ್ತಿರವೂ ಇಲ್ಲ, ಹೊರಗುಳಿದವು. ಇಲ್ಲಿ ಎಣಿಸಿದ್ದು ಊರಲ್ಲಿ ಮಲಗುವವರನ್ನ, ಊರನ್ನು ಬಳಸುವವರನ್ನಲ್ಲ. ಕಾಗಲ–ಹಾತಕಣಂಗಲೆ ಔದ್ಯೋಗಿಕ ವಸಾಹತಿಗೆ ದುಡಿಯಲು ಬರುವವರು, ಸಂತೆಗೆ ಬರುವ ಹಳ್ಳಿಯವರು, ಹೆದ್ದಾರಿ ಹಿಡಿದು ನಿಪ್ಪಾಣಿ, ಕೊಗನೊಳಿ ಕಡೆಯಿಂದ ಗಡಿ ದಾಟಿ ಬರುವ ಕನ್ನಡದವರು, ಇವರ್ಯಾರೂ ಕಾಗಲದ ಜನಸಂಖ್ಯೆಯಲ್ಲಿ ಇಲ್ಲ. ಗಡಿಯವರಿಗೆ ಇದು ಹೊಸ ಪಾಠ ಅಲ್ಲ ನೋಡ್ರಿ. 1967ರ ಮಹಾಜನ ವರದಿಯ ಕಾಲದಿಂದ ಎಣಿಕೆ ಅಂದ್ರೇನು, ಎಣಿಕೆಯಿಂದ ಬಿಟ್ಟು ಹೋಗೋದು ಅಂದ್ರೇನು ಅಂತ ನಮ್ಮ ಮನೆಗಳಲ್ಲಿ ಮಾತಾಡ್ತಾನೇ ಇದ್ದಾರ.

ಹಾಗಾದರೆ ಟಿಕೆಟ್ ಇಡೋಣವೇ? ಹತ್ತಿರದ ಕಣೇರಿಯ ಸಿದ್ಧಗಿರಿ ವಸ್ತುಸಂಗ್ರಹಾಲಯಕ್ಕೆ ಟಿಕೆಟ್ ಇದೆ, ಎಷ್ಟು ಜನ ಬಂದ್ರು ಅಂತ ಸಂಜೆಗೆ ಹೇಳಬಹುದು. ಕೊಲ್ಲಾಪುರದ ರಂಕಾಳ ದಂಡೆಗೆ ಇಲ್ಲ. ಅಲ್ಲಿ ಭೇಳ ತಿನ್ನುತ್ತಾ ಕೂತವರನ್ನ ಯಾವ ಬಾಗಿಲೂ ಎಣಿಸೋದಿಲ್ಲ. ಆದರೆ ಎಣಿಕೆಗೋಸ್ಕರ ಬಾಗಿಲು ಹಾಕಿದರೆ, ಎಣಿಸಬೇಕಾದವರೇ ಹೊರಗೆ ನಿಲ್ತಾರೆ. ಹತ್ತು ರೂಪಾಯಿ ದೊಡ್ಡದಲ್ಲ ಅನ್ನುವವರು ದಿನಾ ಎರಡು ಮಕ್ಕಳ ಜೊತೆ ಬರುವ ಕೂಲಿ ತಾಯಿಯ ತಿಂಗಳ ಲೆಕ್ಕ ಹಾಕಿ ನೋಡಲಿ.

ಬಾಗಿಲಿಲ್ಲದೆಯೂ ಎಣಿಸಬಹುದು ಅನ್ನೋದೇ ನನ್ನ ವಾದ. ಕಾಗಲದ ಜಯಸಿಂಗರಾವ್ ತಲಾವಿನ ದಂಡೆಯನ್ನೇ ತಗೊಳ್ಳಿ. ಜನ ಬರುವ ದಾರಿಗಳಲ್ಲಿ ಇಬ್ಬಿಬ್ಬರು ನಿಂತು ಪ್ರತಿ ಗಂಟೆಗೆ ಹದಿನೈದು ನಿಮಿಷ ಎಣಿಸೋದು, ಅದನ್ನು ನಾಲ್ಕರಿಂದ ಗುಣಿಸೋದು. ಸಂತೆಯ ದಿನ, ಸಾದಾ ದಿನ, ರವಿವಾರ. ಬೇಸಿಗೆ, ಮಳೆ, ಚಳಿ, ಎಲ್ಲದರಲ್ಲೂ ಒಂದೊಂದು ಸಲ. ಹೆಂಗಸರು, ಮಕ್ಕಳು, ಮುದುಕರು ಬೇರೆ ಬೇರೆ ಕಾಲಂ. ಕೆಲವರಿಗೆ ಎರಡೇ ಪ್ರಶ್ನೆ, ಮರಾಠಿಯಲ್ಲೂ ಕನ್ನಡದಲ್ಲೂ: ‘ಯಾವ ಊರಿಂದ ಬಂದ್ರಿ? ವಾರಕ್ಕೆ ಎಷ್ಟು ಸಲ ಬರ್ತೀರಿ?’ ಮೊದಲನೆಯದು ಜನಗಣತಿ ಬಿಟ್ಟವರನ್ನ ಹಿಡಿಯುತ್ತೆ. ಎರಡನೆಯದು ಟಿಕೆಟ್ ಬಿಟ್ಟವರನ್ನ. ಕತ್ತಲಾದ ಮೇಲೆ ಹೆಂಗಸರ ಕಾಲಂ ಖಾಲಿ ಬಂದರೆ, ಅದನ್ನೂ ಹಾಗೇ ಬರೆಯಬೇಕು. ದೀಪ, ಶೌಚಾಲಯ ಕೇಳಲು ಆ ಖಾಲಿ ಕಾಲಮ್ಮಿಗಿಂತ ಗಟ್ಟಿ ಕಾರಣ ಬೇರೆ ಬೇಡ.

ಒಂದು ಎಚ್ಚರ. ಅಂಕಿ ದೊಡ್ಡದಾದರೆ ಅನುದಾನ ಕೊಡುವವನ ಜೊತೆ ಗುತ್ತಿಗೆ ಹಿಡಿಯುವವನೂ ಬರ್ತಾನೆ. ಅದಕ್ಕೇ ಬಾಮಣಿಯ ಶಾಸನ ಇನ್ನೂ ಒಂದು ವಿಷಯ ಕಲಿಸುತ್ತೆ ಅಂತೀನಿ. ಅಲ್ಲಿ ಅಳತೆಯ ಜೊತೆಗೇ ಉದ್ದೇಶವನ್ನೂ ಕಲ್ಲಿಗೆ ಹಾಕಿದ್ದಾರೆ. ನಾವು ನಗರ ಪರಿಷತ್ತಿಗೆ ಕೊಡುವ ಅರ್ಜಿಯಲ್ಲೂ ‘ಇಷ್ಟು ಸಾವಿರ ಭೇಟಿ’ ಅಂತ ಬರೆದು ನಿಲ್ಲಿಸಬಾರದು. ಅದೇ ಸಾಲಿನಲ್ಲಿ ‘ಈ ಜನರಿಗೆ, ಈ ಕೆಲಸಕ್ಕೆ, ಪ್ರವೇಶಕ್ಕೆ ಹಣವಿಲ್ಲದೆ’ ಅಂತ ಸೇರಿಸಬೇಕು.

ನನ್ನ ಮಾತು ಇಷ್ಟು. ಪ್ರಶ್ನೆ ಇದ್ದವರು ಕೇಳ್ರಿ.